ಹಾಲಾಡಿ ಮಿಲ್ಲಿನ ಬೆಟ್ಟಾ ಮೀನು

ಭೋಜರಾಜಣ್ಣನ ಅಂಗಡಿಯಿಂದ ನಾನು ಆ ಮೀನನ್ನು ತಂದದ್ದು ೨೦೦೯ರ ಡಿಸೆಂಬರಿನಲ್ಲಿ. ಆಗ ನಾನು ಹಾಲಾಡಿಯಲ್ಲಿ ದೊಡ್ಡಮ್ಮ ಸುಗುಣಳ ಮನೆಯಲ್ಲಿದ್ದುಕೊಂಡು ದಿನಾ ಬಸ್ಸಿನಲ್ಲಿ ಕುಂದಾಪುರದ ಕಾಲೇಜಿಗೆ ಹೋಗುತ್ತಿದ್ದೆ. ಭೋಜರಾಜಣ್ಣ ಅಲ್ಲಿನ ಒಂದು ಓಣಿಯಲ್ಲಿ ಸಾಕುವ ಮೀನು ಮಾರುತ್ತಿದ್ದರು. ಅವರ ಕಪಾಟಿನಲ್ಲಿ ಸಾಲಾಗಿ ಗಾಜಿನ ಬಾಟಲಿಗಳು, ಒಂದೊಂದರಲ್ಲಿ ಒಂದೊಂದೇ ಬೆಟ್ಟಾ. ಎರಡು ಗಂಡು ಒಟ್ಟಿಗೆ ಸೇರಿದರೆ ಕಚ್ಚಾಡಿಯೇ ಸಾಯುತ್ತವೆಯಂತೆ. ನಾನು ಆರಿಸಿದ್ದು ಕಡುಗೆಂಪು ಮೈಗೆ ನೀಲಿ ಅಂಚಿನ ರೆಕ್ಕೆಯವನನ್ನು. ಬಸ್ಸಿನಲ್ಲಿ ಸೀಟು ಸಿಗಲಿಲ್ಲ. ಒಂದು ಕೈಯಲ್ಲಿ ಕಂಬಿ, ಇನ್ನೊಂದರಲ್ಲಿ ನೀರಿನ ಚೀಲ ಹಿಡಿದು, ತಿರುವು ಬಂದಾಗಲೆಲ್ಲ ಚೀಲವನ್ನೇ ನೋಡುತ್ತ ಹಾಲಾಡಿ ತಲುಪಿದೆ.

ದೊಡ್ಡಮ್ಮ ಬೈಯುತ್ತಾಳೆಂದು ಅಂದುಕೊಂಡಿದ್ದೆ. ಪೇಟೆಯಲ್ಲಿ ಮನೆಗೆ ತಾಗಿಕೊಂಡೇ ಇದ್ದ ಹಿಟ್ಟಿನ ಮಿಲ್ಲನ್ನು ಒಬ್ಬಳೇ ನಡೆಸುವವಳು. ಬೆಳಿಗ್ಗೆ ಎಂಟಕ್ಕೆ ಬೆಲ್ಟು ತಿರುಗಲು ಶುರುವಾದರೆ ಸಂಜೆವರೆಗೆ ಕೂರಲು ಪುರುಸೊತ್ತಿಲ್ಲ. ಆದರೆ ಅವಳು ಚೀಲವನ್ನು ಬೆಳಕಿಗೆ ಹಿಡಿದು ನೋಡಿದಳು. ಆಮೇಲೆ ತಕ್ಕಡಿಯ ಪಕ್ಕದಲ್ಲಿದ್ದ ಡಬ್ಬಗಳನ್ನೆಲ್ಲ ಸರಿಸಿ, ಒಂದು ಗಾಜಿನ ತೊಟ್ಟಿ ಇಡಲು ಅಲ್ಲೇ ಜಾಗ ಮಾಡಿದಳು. ಮೀನು ಮನೆಯೊಳಗಿದ್ದರೆ ನೋಡುವವರು ಯಾರು, ಇಲ್ಲಿದ್ದರೆ ಗೋಧಿ ತಂದವರೆಲ್ಲ ನೋಡುತ್ತಾರೆ ಎಂಬುದು ಅವಳ ಲೆಕ್ಕ.

ನೋಡಿದರೂ ಹೌದು. ಅಕ್ಕಿ ಬೀಸಿಸಲು ಬರುವ ದುಗ್ಗಪ್ಪಜ್ಜ ಒಂದು ದಿನ ಕಿಸೆಯಿಂದ ಸಣ್ಣ ಕನ್ನಡಿ ತೆಗೆದು ತೊಟ್ಟಿಗೆ ಹಿಡಿದರು. ಮೀನು ತನ್ನನ್ನೇ ವೈರಿಯೆಂದು ತಿಳಿದು ಕಿವಿರು ಅಗಲಿಸಿ, ಬಾಲವನ್ನು ಬೀಸಣಿಗೆಯಂತೆ ಬಿಚ್ಚಿ ನಿಂತಿತು. ಅಜ್ಜ ಎರಡು ಹೆಜ್ಜೆ ಹಿಂದೆ ಸರಿದುಬಿಟ್ಟರು. ಮಿಲ್ಲಿನಲ್ಲಿದ್ದವರೆಲ್ಲ ನಕ್ಕರು. ಮರುದಿನದಿಂದ ಅಜ್ಜನಿಗೆ ಬೀಸಿಸಲು ಏನೂ ಇಲ್ಲದಿದ್ದರೂ ಆ ದಾರಿಯಲ್ಲಿ ಕೆಲಸವಿರುತ್ತಿತ್ತು.

ಹದಿನೈದು ದಿನ ಕಳೆಯುವಷ್ಟರಲ್ಲಿ ಮೀನು ಮಂಕಾಯಿತು. ರೆಕ್ಕೆ ಮುದುರಿಕೊಂಡು ತಳದಲ್ಲಿ ಮಲಗುವುದು, ಮೇಲಕ್ಕೆ ಬಂದು ಬಾಯಿ ತೆರೆಯುವುದು, ಮತ್ತೆ ತಳಕ್ಕೆ ಇಳಿಯುವುದು. ಕೆಂಪು ಬಣ್ಣ ಕಾವಿಯ ಹಾಗೆ ಮಾಸಿತು. ಮೀನಿನ ಆಹಾರದ ಕಾಳು ಹಾಕಿದರೆ ತಿನ್ನಲಿಲ್ಲ. ದೊಡ್ಡಮ್ಮ ಬಾವಿಯ ನೀರು ತಂದು ಬದಲಿಸಿದಳು, ಮದ್ದಿಗೆಂದು ಒಣಗಿದ ಬಾದಾಮಿ ಎಲೆ ಹಾಕಿದಳು. ಕೊನೆಗೆ ತೊಟ್ಟಿಯ ನೀರನ್ನು ಸ್ಟೀಲಿನ ಡಬ್ಬಿಯಲ್ಲಿ ತುಂಬಿಸಿ ನನ್ನ ಕೈಯಲ್ಲಿ ಕುಂದಾಪುರಕ್ಕೆ ಕಳಿಸಿದಳು. ಭೋಜರಾಜಣ್ಣ ಅದಕ್ಕೆ ಏನೋ ಹನಿ ಹಾಕಿ ಪರೀಕ್ಷಿಸಿ, ನೀರಿನಲ್ಲಿ ದೋಷವಿಲ್ಲ ಎಂದರು. ಈ ಜಾತಿಯ ಮೀನಿಗೆ ಕಿವಿರಿನ ಉಸಿರು ಸಾಲದು, ಆಗಾಗ ನೀರಿನ ಮೇಲೆ ಬಂದು ಗಾಳಿ ಗುಟುಕರಿಸಲೇಬೇಕು ಎಂಬ ಮಾತನ್ನೂ ಹೇಳಿದರು. ಅದನ್ನು ನಾನು ದೊಡ್ಡಮ್ಮನಿಗೆ ಒಪ್ಪಿಸಿದೆ. ಆಗ ಅದು ಇಬ್ಬರಿಗೂ ಉಪಯೋಗದ ಮಾತು ಅನ್ನಿಸಲಿಲ್ಲ.

ಭಾನುವಾರ ಮಿಲ್ಲಿಗೆ ರಜೆ. ಆ ದಿನ ದೊಡ್ಡಮ್ಮ ತೊಟ್ಟಿ ತೊಳೆದು ಹೊಸ ನೀರು ತುಂಬಿಸಿದಳು. ಸಂಜೆ ನೋಡಿದರೆ ಮೀನು ಈಜುತ್ತಿದೆ, ಎರಡು ಕಾಳು ತಿಂದಿದೆ. ಸೋಮವಾರ ಮಧ್ಯಾಹ್ನಕ್ಕೆ ಮತ್ತೆ ತಳ ಹಿಡಿಯಿತು. ಬುಧವಾರ ನೀರು ಬದಲಿಸಿದ ಮೇಲೆ ಇಡೀ ದಿನ ಕರೆಂಟು ಬರಲಿಲ್ಲ. ಮೀನು ಮತ್ತೆ ಗೆಲುವಾಯಿತು. ಅಡುಗೆಮನೆಯಲ್ಲಿದ್ದ ನನ್ನನ್ನು ದೊಡ್ಡಮ್ಮ ಮಿಲ್ಲಿನಿಂದ ಕೂಗಿ ಕರೆದಳು.

"ಕಾಣ್ ರಮ್ಯಾ, ಮಿಲ್ಲ್ ತಿರ್ಗದಿದ್ರೆ ಇದಕ್ಕೆ ಸೀಕಿಲ್ಲ. ಇದರ ಸೀಕ್ ನಮ್ಮ ಮಿಲ್ಲಲ್ಲೇ ಇತ್ತ್."

ಅವಳ ಕಣ್ಣು ಹೊಳೆಯುತ್ತಿತ್ತು. ಮೊದಲು ಸಂಶಯ ಬಂದದ್ದು ಯಂತ್ರದ ಅದುರುವಿಕೆಯ ಮೇಲೆ. ಗೋಣಿಚೀಲ ನಾಲ್ಕು ಮಡಿಕೆ ಮಾಡಿ ತೊಟ್ಟಿಯ ಕೆಳಗೆ ಹಾಸಿದೆವು. ನೀರು ಅದುರುವುದು ನಿಂತಿತು. ಮೀನು ಮಾತ್ರ ಗುರುವಾರ, ಶುಕ್ರವಾರ ಹಾಗೆಯೇ ಮಲಗಿತು. ಶನಿವಾರ ಬೆಳಿಗ್ಗೆ ಅದು ಬದುಕಿದೆಯೋ ಇಲ್ಲವೋ ತಿಳಿಯಲು ಗಾಜು ತಟ್ಟಿ ನೋಡಬೇಕಾಯಿತು.

ಆ ಮಧ್ಯಾಹ್ನ ನಾನು ಕಾಲೇಜು ಮುಗಿಸಿ ಬಂದಾಗ ದೊಡ್ಡಮ್ಮ ರಾಗಿ ಬೀಸುತ್ತಿದ್ದಳು. ಕನ್ನಡಕದ ಮೇಲೆ ಹಿಟ್ಟು ಕೂತು ಕಣ್ಣು ಕಾಣದೆ, ಅದನ್ನು ತೆಗೆದು ಸೆರಗಿನಲ್ಲಿ ಒರೆಸತೊಡಗಿದಳು. ಒರೆಸುತ್ತಿದ್ದವಳು ಅರ್ಧಕ್ಕೇ ಕೈ ನಿಲ್ಲಿಸಿ ತೊಟ್ಟಿಯ ಕಡೆ ತಿರುಗಿದಳು. ಯಂತ್ರ ಬಂದ್ ಮಾಡಿದಳು. ಬೆರಳಿನ ತುದಿಯನ್ನು ನೀರಿಗೆ ಮುಟ್ಟಿಸಿ ಮೇಲೆತ್ತಿದಾಗ, ಕಾದ ಹಾಲಿನ ಕೆನೆಯಂಥ ತೆಳ್ಳನೆಯ ಪೊರೆಯೊಂದು ಬೆರಳಿಗೆ ಸುತ್ತಿಕೊಂಡು ಬಂತು. ಕಣ್ಣಿಗೆ ಕಾಣದಷ್ಟು ನಯವಾದ ಹಿಟ್ಟು ದಿನವಿಡೀ ನೀರಿನ ಮೇಲೆ ಕೂತು ಕಟ್ಟಿದ ಪೊರೆ ಅದು.

"ಮೇಲ್ ಬತ್ತ್, ಉಸ್ರ್ ತೆಕಂಬುಕ್ ಆತಿಲ್ಲ," ಎಂದಳು ದೊಡ್ಡಮ್ಮ, ಬಹಳ ಮೆಲ್ಲಗೆ. ಆ ಪೊರೆ ದಾಟಿ ಮೀನಿಗೆ ಗಾಳಿ ಗುಟುಕರಿಸಲು ಆಗುತ್ತಿರಲಿಲ್ಲ.

ಆಮೇಲೆ ಇಬ್ಬರೂ ಓಡಾಡಿದ್ದೇ ಓಡಾಡಿದ್ದು. ಹಳೆಯ ಪತ್ರಿಕೆಯ ಹಾಳೆಯನ್ನು ನೀರಿನ ಮೇಲೆ ಹಾಸಿ ನಿಧಾನಕ್ಕೆ ಎತ್ತಿದರೆ ಪೊರೆ ಅದಕ್ಕೆ ಅಂಟಿಕೊಂಡು ಬಂತು. ಮೂರು ಹಾಳೆಯಾಗುವಷ್ಟರಲ್ಲಿ ನೀರಿನ ಮೇಲ್ಮೈ ಕನ್ನಡಿಯಾಯಿತು. ಮೀನು ತಳದಿಂದ ಓರೆಯಾಗಿ ಎದ್ದು ಬಂದು ಬಾಯಿ ತೆರೆಯಿತು. ಒಂದು ಗುಳ್ಳೆ ಹೊರಬಿತ್ತು. ಮತ್ತೆ ಬಂತು, ಮತ್ತೆ ಗುಟುಕರಿಸಿತು. ನಾನು ಕೈಚೀಲವನ್ನೂ ಕೆಳಗಿಡದೆ ಗುಟುಕು ಎಣಿಸುತ್ತ ನಿಂತಿದ್ದೆ.

ಇನ್ನು ಹಿಟ್ಟು ಬೀಳದಂತೆ ಮುಚ್ಚಬೇಕು, ಆದರೆ ಗಾಳಿ ಆಡಬೇಕು. ಗಾಜು ಮುಚ್ಚಿದರೆ ಗಾಳಿಯಿಲ್ಲ, ಜಾಲರಿ ಹಾಕಿದರೆ ಹಿಟ್ಟು ನುಗ್ಗುತ್ತದೆ. ದೊಡ್ಡಮ್ಮ ಯಂತ್ರದ ಬಾಯಿಗೆ ಕಟ್ಟುವ ಉದ್ದನೆಯ ಬಟ್ಟೆಯ ತೋಳನ್ನು ಹಿಡಿದು ತೋರಿಸಿದಳು. ಹಿಟ್ಟನ್ನು ಒಳಗೇ ಹಿಡಿದು ಗಾಳಿಯನ್ನಷ್ಟೇ ಹೊರಗೆ ಬಿಡುವ ಬಟ್ಟೆ ಅದು. ಇಪ್ಪತ್ತು ವರ್ಷದಿಂದ ಅವಳ ಕಣ್ಣೆದುರೇ ಇತ್ತು. ಹಳೆಯದೊಂದನ್ನು ತೊಳೆದು, ಕತ್ತರಿಸಿ, ಮರದ ಚೌಕಟ್ಟಿಗೆ ಬಿಗಿದಳು. ನೀರು ಮತ್ತು ಬಟ್ಟೆಯ ನಡುವೆ ನಾಲ್ಕು ಬೆರಳು ಗಾಳಿಗೆ ಜಾಗ ಬಿಟ್ಟಳು. ಬಟ್ಟೆಯನ್ನು ದಿನಾ ಹೊರಗೊಯ್ದು ಕೊಡವುವ ಕೆಲಸ ನನ್ನ ಪಾಲಿಗೆ ಬಂತು.

ಒಂದು ವಾರದಲ್ಲಿ ಬಣ್ಣ ಮರಳಿತು. ಹತ್ತನೆಯ ದಿನ ಬೆಳಿಗ್ಗೆ ದೊಡ್ಡಮ್ಮ ಚೌಕಟ್ಟು ಎತ್ತಿದವಳು ಹೌಹಾರಿದಳು. ತೊಟ್ಟಿಯ ಮೂಲೆಯಲ್ಲಿ ಬಾದಾಮಿ ಎಲೆಯ ಪಕ್ಕ ಬಿಳಿ ನೊರೆ! ಮತ್ತೆ ಹಿಟ್ಟೇ ಎಂದು ಹಾಳೆ ಹಾಸಿ ತೆಗೆದಳು. ಮರುದಿನ ಅದೇ ಮೂಲೆಯಲ್ಲಿ ಅಷ್ಟೇ ನೊರೆ. ಅದನ್ನೂ ತೆಗೆದಳು. ಮೂರನೆಯ ದಿನ ಹಾಳೆ ಹಿಡಿದಾಗ ನಾನು ಅವಳ ಕೈ ತಡೆದು ನೋಡಲು ಹೇಳಿದೆ. ಮೀನು ಮೇಲೆ ಬಂದು ಗಾಳಿ ನುಂಗಿ, ಎಲೆಯ ಕೆಳಗೆ ಹೋಗಿ ಒಂದು ಗುಳ್ಳೆ ಉಗುಳಿತು. ಮತ್ತೆ ಬಂದು ಅದರ ಪಕ್ಕಕ್ಕೇ ಇನ್ನೊಂದು. ಒಂದಕ್ಕೊಂದು ಅಂಟಿಸಿ ಜೋಡಿಸುತ್ತಿತ್ತು.

ಭೋಜರಾಜಣ್ಣನಿಗೆ ಫೋನ್ ಮಾಡಿ ಸ್ಪೀಕರ್ ಹಾಕಿದೆ. ನಾನು ಹೇಳಿ ಮುಗಿಸುವ ಮುಂಚೆಯೇ ಅವರು ನಗಲು ಶುರು ಮಾಡಿದ್ದರು.

"ಅದ್ ಗೂಡ್ ಮಾರಾಯ್ತಿ. ಮಕ್ಳಿಗೆ ಗೂಡ್ ಕಟ್ತಾ ಇತ್ತ್. ಮೈ ಸರಿ ಇದ್ರೆ ಮಾತ್ರ ಕಟ್ಟುದ್."

ದೊಡ್ಡಮ್ಮ ಹಾಳೆಯನ್ನು ಬೆನ್ನ ಹಿಂದೆ ಅಡಗಿಸಿಕೊಂಡಳು, ಫೋನಿಗೆ ಕಾಣುತ್ತದೋ ಎಂಬ ಹಾಗೆ. ಎರಡು ಮನೆ ಕೆಡವಿದೆನಲ್ಲ ಎಂದು ಪೇಚಾಡುತ್ತ, ನಗುತ್ತ, ರಸ್ತೆಗಿಳಿದು ದುಗ್ಗಪ್ಪಜ್ಜನನ್ನು ಕೂಗಿ ಕರೆದಳು. ಅಜ್ಜ ಬಂದರು, ಬಸ್ಸಿಗೆ ಕಾಯುತ್ತಿದ್ದ ಇಬ್ಬರು ಹೆಂಗಸರೂ ಬಂದರು. ಒಂಬತ್ತು ಗಂಟೆಯಾದರೂ ಮಿಲ್ಲು ಶುರುವಾಗಲಿಲ್ಲ. ಗೋಧಿಯ ಚೀಲ ಹೊತ್ತು ಬಂದವರು ಚೀಲ ಇಳಿಸಿ, ತೊಟ್ಟಿಯ ಸುತ್ತ ಬಗ್ಗಿ, ಗುಳ್ಳೆಯ ಮೇಲೆ ಗುಳ್ಳೆ ಏರುವುದನ್ನು ನೋಡುತ್ತ ನಿಂತುಬಿಟ್ಟರು.