ಕೊಳ್ಳುವವರ ಕಾಗದ

ಚಾವಣಿಯ ಮೇಲೆ ಅಂಗೈಯಗಲದ ಬೆಳಕೊಂದು ನಡುಗುತ್ತಿದೆ, ಸರಿಯಾಗಿ ಅಕ್ಕನ ಮಂಚದ ನೇರಕ್ಕೆ, ಎಲ್ಲಿಂದ ಬಂತೋ, ಅಲ್ಲಿ ಬಿಸಿಲು ಬಿದ್ದದ್ದೇ ಇಲ್ಲ, ಇರಲಿ, ಈಗ ಓದಬೇಕಾದದ್ದು ಈ ಪತ್ರ — ಇವರಿಗೆ ಮನೆ ಕೊಳ್ಳಲು ಇಷ್ಟು ಸಾಲ ಕೊಡಬಹುದೆಂದು ಬ್ಯಾಂಕು ಮುಂಚಿತವಾಗಿಯೇ ಒಪ್ಪಿದ ಪತ್ರ, ದಪ್ಪ ಕಾಗದ, ಮೊಹರು, ಸಹಿ, ನೋಡಿ ಡಾಕ್ಟ್ರೇ, ಚಿನ್ನದಂಥ ಪಾರ್ಟಿ, ಎಂದು ದಲ್ಲಾಳಿ ಅದನ್ನು ಊಟದ ಮೇಜಿನ ಮೇಲೆ ಇಟ್ಟ ಗತ್ತಿಗೇ ಮನೆ ಅರ್ಧ ಮಾರಾಟವಾಗಿತ್ತು. ಚಿನ್ನ ಎಂದರೆ ದಂತವೈದ್ಯೆಗೆ ನೆನಪಾಗುವುದು ಹಲ್ಲಿಗೆ ತೊಡಿಸುವ ಟೋಪಿ, ಮೇಲೆ ಫಳಫಳ, ಒಳಗೇನಿದೆಯೋ ಎಕ್ಸ್-ರೇ ತೆಗೆದರೇ ಗೊತ್ತು. ಮಹಡಿಯಲ್ಲಿ ಕೊಳ್ಳಲು ಬಂದ ಗಂಡ ಹೆಂಡತಿಯ ಓಡಾಟ, ಕಪಾಟಿನ ಬಾಗಿಲು ತೆಗೆದು ಹಾಕುವ ಸದ್ದು, ಈ ರೂಮು ನನಗೆ ಅಂತ ಅವಳು, ಎಲ್ಲಾ ನಿಂದೇ ಅಲ್ವಾ ಅಂತ ಅವನು, ಅದು ಅಕ್ಕನ ಕೋಣೆ, ಸೊಂಟದ ಮೂಳೆ ಮುರಿದಾಗಿನಿಂದ ಅಕ್ಕ ಅದರ ಮುಖ ನೋಡಿಲ್ಲ, ಮಂಚ ಹಜಾರಕ್ಕೆ ಬಂತು, ಫ್ರಿಜ್ಜಿನ ಪಕ್ಕಕ್ಕೆ, ಬಂದವರಿಗೆ ನನ್ನನ್ನೂ ತೋರಿಸೇ, ಹಳೇ ಮಾಲು, ಸದ್ದು ಮಾಡುತ್ತೆ, ಆದ್ರೂ ಓಡ್ತಿದೆ ಅನ್ನು, ಎಂದು ನಿನ್ನೆಯೂ ನಕ್ಕಿದ್ದಳು. ಆಚೆ ಬೀದಿಯಲ್ಲಿ ಮೆಟ್ಟಿಲೇ ಇಲ್ಲದ ಮನೆ, ಬಚ್ಚಲಿಗೂ ಗಾಲಿಕುರ್ಚಿ ಸಲೀಸಾಗಿ ಹೋಗುತ್ತದೆ, ಮುಂಗಡ ಕೊಟ್ಟಾಗಿದೆ, ಗಡುವಿನೊಳಗೆ ಈ ಮನೆಯ ಹಣ ಕೈಗೆ ಬರದಿದ್ದರೆ ಮುಂಗಡಕ್ಕೂ ಎಳ್ಳುನೀರು, ಆ ಮನೆಗೂ, ಅಕ್ಕ ಫ್ರಿಜ್ಜಿನ ಪಕ್ಕದಲ್ಲೇ.

ಹೋದ ವಾರ ಕ್ಲಿನಿಕ್ಕಿನ ಕುರ್ಚಿಯಲ್ಲಿ ಬಾಯಿ ತೆರೆದು ಮಲಗಿದ್ದ ಬ್ಯಾಂಕಿನ ಸಾಲದ ಅಧಿಕಾರಿಯ ಬಾಯಿಂದ ಹತ್ತಿ ತೆಗೆದು, ಇಂಥ ಪತ್ರ ಬಂದರೆ ಹೇಗೆ ನಂಬೋದು, ಎಂದು ಕೇಳಿದ್ದಳು, ದಿನಾಂಕ ನೋಡಿ, ಅವಧಿ ನೋಡಿ, ಸಂಬಳದ ದಾಖಲೆ ಪರಿಶೀಲಿಸಿ ಕೊಟ್ಟದ್ದಾ, ಬಾಯಿಮಾತಿನ ಮೇಲೆ ಕೊಟ್ಟದ್ದಾ ನೋಡಿ, ಮೊತ್ತ ನಿಮ್ಮ ಬೆಲೆಗೆ ಸಾಲುತ್ತಾ ನೋಡಿ, ಆಮೇಲೆ — ಬಾಯಿ ಮುಕ್ಕಳಿಸಿ ಉಗಿದ — ಅದು ಆವತ್ತಿನ ಲೆಕ್ಕ ಅಷ್ಟೇ ಡಾಕ್ಟ್ರೇ, ದುಡ್ಡು ಬಿಡೋ ಮುಂಚೆ ನಾವು ಮತ್ತೆ ನೋಡ್ತೀವಿ, ಮಧ್ಯೆ ಇನ್ನೊಂದು ಸಾಲ ಮಾಡ್ಕೊಂಡಿದ್ರೆ ಮುಗೀತು ಕಥೆ. ಅವಳಿಗೆ ತಕ್ಷಣ ಅರ್ಥವಾಗಿತ್ತು, ಡಾಕ್ಟರ ಹತ್ತಿರ ಬರುವ ದಿನ ಎಲ್ಲರೂ ಚೆನ್ನಾಗಿಯೇ ಹಲ್ಲುಜ್ಜಿರುತ್ತಾರೆ. ಈ ಪತ್ರದ ದಿನಾಂಕ ಹೋದ ತಿಂಗಳದ್ದು, ಅವಧಿ ಇದೆ, ಸಂಬಳದ ದಾಖಲೆ ನೋಡಿದ್ದಾರೆ, ಮೊತ್ತ ಸಾಲುತ್ತದೆ, ಬೆಲೆಯೂ ಮೊದಲು ಮನೆ ನೋಡಲು ಬಂದಿದ್ದ ಗ್ರಂಥಪಾಲಕಿ ಹೇಳಿದ್ದಕ್ಕಿಂತ ಎಷ್ಟೋ ಹೆಚ್ಚು — ಸೈಕಲ್ಲಿನಲ್ಲಿ ಬಂದು, ಚಕ್ರಕ್ಕೆ ಬೀಗ ಹಾಕಿ, ನಲ್ಲಿಗಳನ್ನೆಲ್ಲ ತಿರುಗಿಸಿ ನೋಡಿ, ಪತ್ರ ನಂದೂ ಇದೆ, ಇದಕ್ಕಿಂತ ಹೆಚ್ಚು ಕೊಡಕ್ಕಾಗಲ್ಲ, ಇವತ್ತು ಸಂಜೆವರೆಗೂ ಕಾಯ್ತೀನಿ, ಎಂದು ಹೋದವಳು. ಅವಳಿಗೆ ಕೊಟ್ಟರೆ ಮೆಟ್ಟಿಲಿಲ್ಲದ ಮನೆ ಬರುತ್ತದೆ, ಕ್ಲಿನಿಕ್ಕಿಗೆ ಹೊಸ ಕುರ್ಚಿ ಬರುವುದಿಲ್ಲ, ಕೀರಲು ದನಿಯ ಹಳೇ ಕುರ್ಚಿಯೇ ಗತಿ. ಹೋಗಿ ಹೋಗಿ ಸೈಕಲ್ ಪಾರ್ಟಿನಾ ಡಾಕ್ಟ್ರೇ, ಎಂದು ದಲ್ಲಾಳಿ ಪೆನ್ನಿನ ಮುಚ್ಚಳವನ್ನೂ ತಾನೇ ತೆಗೆದು ಕೊಡುತ್ತಾನೆ, ಪೆನ್ನು ಕೈಗೆ ಬಂತು, ಅಷ್ಟರಲ್ಲಿ ಅಕ್ಕ, ಏ, ಆ ಬೆಳಕು ಕಣ್ಣಿಗೆ ಹೊಡೀತಿದೆ, ಪರದೆ ಎಳಿಯೇ.

ಎದ್ದಳು, ಕಿಟಕಿ, ಗೇಟು, ಗೇಟಿನಾಚೆ ಆ ಗಂಡ ಹೆಂಡತಿಯ ಕಾರು, ಅರ್ಧ ಇಳಿಸಿದ ಗಾಜು, ಒಳಗೆ ಸೀಟಿನ ಮೇಲೆ ಪ್ಲಾಸ್ಟಿಕ್ ಕವರು, ಗಾಳಿಗೆ ಉಬ್ಬಿ ಇಳಿದು ಬಿಸಿಲನ್ನು ನೇರ ಅಕ್ಕನ ನೆತ್ತಿಯ ಮೇಲಕ್ಕೆ ಎಸೆಯುತ್ತಿದೆ. ಮೆಟ್ಟಿಲಿಳಿದು ಬಂದವರನ್ನು, ಹೊಸ ಕಾರಾ, ಎಂದಳು, ಹಲ್ಲು ನೋಯುತ್ತಾ ಎಂದು ಕೇಳುವ ದನಿಯಲ್ಲೇ. ಹೂಂ ಡಾಕ್ಟ್ರೇ, ಮೊನ್ನೆ ಬಂತು, ಮನೆ ಸಾಲಕ್ಕೆ ಬ್ಯಾಂಕಿನವ್ರು ಹೂಂ ಅಂದ್ಮೇಲೆ ಧೈರ್ಯ ಬಂತು ನೋಡಿ, ಇದನ್ನೂ ಕಂತಲ್ಲಿ ತಗೊಂಡ್ಬಿಟ್ವಿ. ದಲ್ಲಾಳಿಗೆ ಕೆಮ್ಮು ಬಂತು. ಈ ಮನೆಗೆ ಬಂದ್ಮೇಲೇ ಕವರ್ ತೆಗೆಯೋದು ಅಂತ ಇವ್ರು, ಎಂದು ಹೆಂಡತಿ ನಗುತ್ತಾಳೆ, ಒಳ್ಳೆಯ ನಗು, ಒಂದು ಹಲ್ಲೂ ಹಾಳಾಗಿಲ್ಲ, ಪಾಪ, ಹೇಳಿದರೆ ಅರ್ಥವಾಗುತ್ತದೆಯೋ ಇಲ್ಲವೋ, ಸಂಜೆಗೆ ಇನ್ನೂ ಹೊತ್ತಿದೆ, ಸೈಕಲ್ಲಿನವಳ ನಂಬರು ಫ್ರಿಜ್ಜಿನ ಬಾಗಿಲ ಮೇಲೇ ಇದೆ, ಪೆನ್ನಿನ ಮುಚ್ಚಳ ಎಲ್ಲಿ, ಹಳೇ ಕುರ್ಚಿಗೆ ಎಣ್ಣೆ ಬಿಟ್ಟರಾಯಿತು, ಪರದೆ ಎಳಿಯೇ ಅಂದ್ನಲ್ಲ, ಎನ್ನುತ್ತಾಳೆ ಅಕ್ಕ, ಎಳೆಯಬೇಕು, ಪರದೆಯ ಅಂಚು ಕೈಯಲ್ಲೇ ಇದೆ, ಕಣ್ಣು ಮಾತ್ರ ಅಲ್ಲಿಂದ ಬರುತ್ತಿಲ್ಲ — ಸೀಟಿನ ಮೇಲೆ ಪ್ಲಾಸ್ಟಿಕ್, ಉಬ್ಬುತ್ತದೆ, ಇಳಿಯುತ್ತದೆ, ಉಬ್ಬುತ್ತದೆ.