ಎಡಗಡೆಯ ಹಿಂದಿನ ಚಕ್ರ

ಬೆಳ್ಳಿ ಪೇಂಟಿನ ಡಬ್ಬಿಯೊಳಗೆ ಬಣ್ಣದ ಮೇಲೆ ಕೆನೆ ಕಟ್ಟಿದೆ, ಮುಚ್ಚಳ ಸರಿಯಾಗಿ ಕೂತಿರಲಿಲ್ಲ, ನಾನು ಹಾಗೆ ಬಿಡುವವನಲ್ಲ, ಎರಡು ಸಲ ತಿರುಗಿಸಿ ಮೂರನೇ ಸಲ ಒತ್ತಿ ನೋಡುವವನು, ಆದರೆ ಆ ಗುರುವಾರ ಸಂಜೆ ಭಾವನ ಲಾರಿಗೆ ಅಪಘಾತ ಅಂತ ಫೋನ್ ಬಂದಾಗ ಎಲ್ಲ ಇದ್ದ ಹಾಗೇ ಬಿಟ್ಟು ಎದ್ದಿದ್ದೆ, ಐದು ವಾರವಾಯಿತು, ಕಡ್ಡಿಯಲ್ಲಿ ಕೆನೆ ಸರಿಸಿದರೆ ಕೆಳಗೆ ಇನ್ನೂ ಒದ್ದೆಯಿದೆ, ಸಾಕು, ಐದು ಗೆರೆ ಮುಚ್ಚಲು ಒಂದು ಹನಿ ಸಾಕು — ಗಡಿಯಾರದಲ್ಲಿ ಒಂಬತ್ತೂ ಮುಕ್ಕಾಲು, ಹತ್ತೂವರೆಗೆ ಬಾಡಿಗೆ ಕಾರು ಬರುತ್ತದೆ, ಹನ್ನೊಂದಕ್ಕೆ ಡಿಪೋದಲ್ಲಿ ಭಾವನ ವಿಚಾರಣೆ, ಅಡುಗೆಮನೆಯಲ್ಲಿ ಅಕ್ಕ ರಟ್ಟಿನ ಪೆಟ್ಟಿಗೆಯೊಳಗೆ ಹಳೆಯ ಟವಲು ಹಾಸುತ್ತಿದ್ದಾಳೆ, ನನ್ನ ಪುಟ್ಟ ಲಾರಿಗೆ ಹಾಸಿಗೆ, ಮೊನ್ನೆ ಮೊನ್ನೆಯವರೆಗೆ ಅವಳ ಬಾಯಲ್ಲಿ ಇದು ಆಟಿಕೆ, ಮೂವತ್ತೆಂಟು ವರ್ಷದ ಮಗುವಿನ ಆಟಿಕೆ, ಇದಕ್ಕೆ ಸುರಿಯುವ ಅಂಟಿನಲ್ಲಿ ಒಂದು ಸಂಸಾರ ಅಂಟಿಸಬಹುದಿತ್ತು ಅನ್ನುತ್ತಿದ್ದಳು, ಈಗ ಅವಳಿಗೆ ಇದೇ ಸಾಕ್ಷಿ. ಸಾಹೇಬರಿಗೆ ಬಾಯಲ್ಲಿ ಹೇಳಿದ್ರೆ ತಲೆಗೆ ಹೋಗಲ್ಲ ಕಣೋ, ಕೈಯಲ್ಲಿಟ್ಟು ತೋರಿಸ್ಬೇಕು, ಇಗೋ ಚಕ್ರ, ಇಗೋ ನಟ್ಟು, ದಿನಾ ಬೆಳಗ್ಗೆ ಇವರು ಇದನ್ನೇ ಕೈಯಿಂದ ಮುಟ್ಟಿ ನೋಡ್ತಿದ್ರು, ಬೋಲ್ಟು ತಾನಾಗೇ ಮುರಿದ್ರೆ ಇವರೇನು ಮಾಡ್ತಾರೆ, ನೀನು ಮಾಡಿದ್ದು ಅಂದ್ರೆ ಯಾರೂ ಎರಡು ಮಾತಾಡೋ ಹಾಗಿಲ್ಲ, ಒಂದು ನಟ್ಟೂ ಹೆಚ್ಚುಕಮ್ಮಿ ಇರಲ್ಲ. ಇಲ್ಲ ಅಕ್ಕ, ಹೆಚ್ಚುಕಮ್ಮಿ ಇಲ್ಲ, ಅದೇ ತೊಂದರೆ. ವಿಚಾರಣೆಯಲ್ಲಿ ಕೇಳುವುದು ಒಂದೇ ಪ್ರಶ್ನೆ, ಚಾಲಕ ದಿನಾ ಚಕ್ರ ನೋಡುತ್ತಿದ್ದನೋ ಇಲ್ಲವೋ, ನೋಡುತ್ತಿದ್ದ ಅಂತಾದರೆ ಭಾವನಿಗೆ ಡಿಪೋದ ಗೇಟಿನಲ್ಲಿ ಕೂತು ಮಾಡುವ ಕೆಲಸ, ಕಂಪನಿಯ ಈ ಮನೆ ಹೀಗೇ ಇರುತ್ತದೆ, ಈ ಮೇಜು, ಈ ಕಿಟಕಿ, ಕಿಟಕಿಯಾಚೆಯ ಈ ತಗಡಿನ ಶೆಡ್ಡು, ನೋಡುತ್ತಿರಲಿಲ್ಲ ಅಂತಾದರೆ ಒಂದು ಕಾಲಿನ ಮನುಷ್ಯ, ಅವನ ಹೆಂಡತಿ, ಹೆಂಡತಿಯ ತಮ್ಮ, ಗಂಟುಮೂಟೆ ಸಮೇತ ಬೀದಿಗೆ. ಓಡುತ್ತಿದ್ದ ಲಾರಿಯಿಂದ ಕಳಚಿದ ಚಕ್ರ ಕಾಲುವೆಗೆ ಉರುಳಿ ಮೂರು ದಿನ ನೀರಲ್ಲಿತ್ತು, ಎತ್ತಿದಾಗ ಮೈಯೆಲ್ಲ ತುಕ್ಕು, ಅದರಿಂದ ಈಗ ಏನೂ ಗೊತ್ತಾಗುವುದಿಲ್ಲ ಅಂದರಂತೆ, ಆ ಚಕ್ರ ಹೇಗಿತ್ತು ಅಂತ ಹೇಳುವುದು ಈ ಲೋಕದಲ್ಲಿ ಇದೊಂದೇ, ನನ್ನ ಹೆಬ್ಬೆರಳಿಗಿಂತ ಸ್ವಲ್ಪ ದೊಡ್ಡದು, ಎಡಗಡೆಯ ಹಿಂದಿನದು, ಹತ್ತು ನಟ್ಟು, ಅದರಲ್ಲಿ ಐದರಿಂದ ಹೊರಕ್ಕೆ ಒಂದೊಂದು ಕಂದು ಗೆರೆ.

ಆ ಗೆರೆಗಳನ್ನು ಬರೆಯಲು ಎರಡು ಸಂಜೆ ಹಿಡಿದಿತ್ತು. ಲಾರಿಗೆ ಏಳು ತಿಂಗಳು, ಪೆಟ್ಟಿಗೆಯಲ್ಲಿ ಬಂದದ್ದು ಯಾವುದೋ ಕಂಪನಿಯ ಯಾವುದೋ ಲಾರಿಯ ಭಾಗಗಳು, ಅದನ್ನು ಭಾವನ ಲಾರಿ ಮಾಡಬೇಕಿತ್ತು, ಮೂತಿ ಕೊಯ್ದೆ, ಬಂಪರ್ ಬಿಸಾಡಿ ತಗಡಿನಲ್ಲಿ ಹೊಸದು ಬಗ್ಗಿಸಿದೆ, ಭಾವ ಗೋಡೆಗೆ ತಾಗಿಸಿ ತಗ್ಗು ಮಾಡಿದ ಜಾಗದಲ್ಲೇ ತಗ್ಗು ಮಾಡಿದೆ, ತೆಳು ಕಾಗದವನ್ನು ಅಂಟಿನಲ್ಲಿ ನೆನೆಸಿ ಟಾರ್ಪಾಲು, ಅಕ್ಕನ ಕಿತ್ತುಹೋದ ಸರದ ಕೊಂಡಿಗಳಿಂದ ಹಿಂಬಾಗಿಲಿನ ಸರಪಳಿ, ಮಾತ್ರೆಯ ಹಾಳೆಯ ಹೊಳಪಿನಿಂದ ಕನ್ನಡಿ, ಆರು ಮೂಲೆಯ ಪ್ಲಾಸ್ಟಿಕ್ ಕಡ್ಡಿಯನ್ನು ಬ್ಲೇಡಿನಲ್ಲಿ ಹೋಳು ಮಾಡಿ ನಟ್ಟುಗಳು, ಒಂದೊಂದೂ ಸಾಸಿವೆಗಿಂತ ಚಿಕ್ಕದು, ಉಸಿರು ಬಿಟ್ಟರೆ ಹಾರಿಹೋಗುತ್ತಿತ್ತು, ಉಸಿರು ಹಿಡಿದೇ ಕೂರಿಸಿದೆ, ಲಾರಿಯ ಇಪ್ಪತ್ತನಾಲ್ಕು ಅಂಗುಲ ನನ್ನ ಮೇಜಿನ ಮೇಲೆ ಒಂದು ಅಂಗುಲ, ಆ ಲೆಕ್ಕದಲ್ಲಿ ಒಂದು ಕೂದಲಷ್ಟು ತಪ್ಪಿದರೂ ನನಗೆ ನಿದ್ದೆ ಬರುತ್ತಿರಲಿಲ್ಲ. ಹೊಸದಾಗಿ ಹೊಳೆಯುವ ಲಾರಿಯನ್ನು ಯಾರು ಬೇಕಾದರೂ ಮಾಡುತ್ತಾರೆ, ಓಡಿದ ಲಾರಿಯ ಹಾಗೆ ಕಾಣಿಸುವುದೇ ಕಷ್ಟ, ಧೂಳು, ಎಣ್ಣೆ ಜಿಡ್ಡು, ತುಕ್ಕು, ಅದಕ್ಕಾಗಿ ಒಂದು ಭಾನುವಾರ ಡಿಪೋಗೆ ಹೋಗಿ ಅಳತೆಪಟ್ಟಿ ಹಿಡಿದು ನಲವತ್ತಾರು ಫೋಟೋ ತೆಗೆದೆ, ಭಾವ ಅಲ್ಲೇ ಬೆಂಚಿನ ಮೇಲೆ ಕೂತು ಕಾಫಿ ಕುಡಿಯುತ್ತಾ ನಗುತ್ತಿದ್ದರು, ಮದುವೆ ಹೆಣ್ಣಿಗೂ ಇಷ್ಟು ಫೋಟೋ ತೆಗೀತಾರೇನಪ್ಪಾ, ಸ್ವಲ್ಪ ತಲೆ ಬಾಚ್ಲಾ ಲಾರಿಗೆ — ಹತ್ತು ಹೆಜ್ಜೆ ದೂರ, ಕಾಫಿ ಲೋಟ, ಅವರ ಎರಡು ಕಾಲೂ ಚಾಚಿಕೊಂಡಿದ್ದವು. ಎಡಗಡೆಯ ಹಿಂದಿನ ಚಕ್ರದ ಮುಂದೆ ನಾನು ಕುಕ್ಕರಗಾಲಲ್ಲಿ ಕೂತೆ, ಕಂಡೆ, ಎಷ್ಟು ಚೆಂದ ಅನ್ನಿಸಿತು, ದೇವರೇ, ಚೆಂದ ಅನ್ನಿಸಿತು, ಐದು ನಟ್ಟಿನ ಅಂಚಿನಿಂದ ಸಣ್ಣ ಕಂದು ಗೆರೆಗಳು, ಮಳೆನೀರು ಇಳಿದ ತುಕ್ಕಾದರೆ ಕೆಳಕ್ಕೆ ಇಳಿಯಬೇಕು, ಇವು ಕೆಳಕ್ಕಿಲ್ಲ, ನಡುವಿನಿಂದ ಹೊರಕ್ಕೆ ಚಿಮ್ಮಿದ ಹಾಗಿವೆ, ಯಾಕಿರಬಹುದು ಅಂತ ಒಂದು ಗಳಿಗೆ ಯೋಚಿಸಿದ್ದೂ ಉಂಟು, ಯೋಚಿಸಿ ಕ್ಯಾಮೆರಾ ಇನ್ನೂ ಹತ್ತಿರ ತಂದೆ, ಕೇಳಲಿಲ್ಲ, ಹತ್ತು ಹೆಜ್ಜೆ ದೂರದಲ್ಲಿ ಕೂತಿದ್ದವರನ್ನು, ಭಾವ ಇದ್ಯಾಕೆ ಹೀಗಿದೆ ಅಂತ ಒಂದು ಮಾತು, ಯಾಕೆಂದರೆ ಕೇಳಿದರೆ ಎದ್ದು ಬರುತ್ತಾರೆ, ಬಂದು ಚಿಂದಿಯಲ್ಲಿ ಒರೆಸಿಬಿಡುತ್ತಾರೆ, ನನ್ನ ಗೆರೆಗಳು ಹೋಗುತ್ತವೆ, ಹೌದು, ಹಾಗೇ ಅಂದುಕೊಂಡೆ, ಈಗ ಯಾರ ಮುಂದೆ ಸುಳ್ಳು ಹೇಳಲಿ, ಕೇಳುವವರು ಯಾರೂ ಇಲ್ಲವಲ್ಲ. ಕಂದು ಬಣ್ಣಕ್ಕೆ ಚಿಟಿಕೆ ಕೆಂಪು, ಮೂರೇ ಕೂದಲು ಉಳಿಸಿದ ಕುಂಚ, ಹೊರಕ್ಕೆ, ಐದೂ ಹೊರಕ್ಕೆ. ನಾನು ನಕ್ಷೆ ನಕಲು ಮಾಡುವ ಆಫೀಸಿನಲ್ಲಿ ಇಂಜಿನಿಯರು ಒಮ್ಮೆ ಎಲ್ಲರೆದುರು ಹೇಳಿದ್ದರು, ಮೆಟ್ಟಿಲಿನ ನಕ್ಷೆಯಲ್ಲಿ ಅವರೇ ಒಂದು ಮೆಟ್ಟಿಲು ಬಿಟ್ಟಿದ್ದರು, ನಾನು ಹಾಗೇ ನಕಲು ಮಾಡಿದ್ದೆ, ಹನ್ನೆರಡು ಪ್ರತಿ, ನಿಂಗೆ ತಪ್ಪನ್ನೂ ಅಚ್ಚುಕಟ್ಟಾಗಿ ಬರೆಯೋದು ಗೊತ್ತು ಮಾರಾಯ, ಅದು ತಪ್ಪು ಅನ್ನೋದು ಮಾತ್ರ ಗೊತ್ತಾಗಲ್ಲ, ಎಲ್ಲರೂ ನಕ್ಕರು, ನಾನೂ ನಕ್ಕೆ, ನಾಲ್ಕು ವರ್ಷ ಸಂಜೆ ಕಾಲೇಜಿನಲ್ಲಿ ತೂಕಡಿಸುತ್ತಾ ಕಲಿತದ್ದು ಅದನ್ನೇ, ಇದ್ದದ್ದನ್ನು ಇದ್ದ ಹಾಗೆ ಬರೆ, ಯಾಕಿದೆ ಅಂತ ಕೇಳುವುದು ಹಗಲು ಕಾಲೇಜಿನವರ ಪಾಠವಿರಬೇಕು. ಮುಂದಿನ ಭಾನುವಾರ ತೋರಿಸುತ್ತೇನೆ ಅಂದಿದ್ದೆ ಭಾವನಿಗೆ, ಆ ಭಾನುವಾರ ಬಂತು, ಕನ್ನಡಿಯ ಹಿಡಿ ಒಂದು ಎಳೆ ದಪ್ಪವಾಗಿತ್ತು, ಇನ್ನೊಂದು ವಾರ ಅಂದೆ, ಅವರು ಬಾಗಿಲಿಗೆ ಬಂದರು, ಇಣುಕಿದರು, ನಾನು ಥಟ್ಟನೆ ಬಟ್ಟೆ ಮುಚ್ಚಿದೆ, ಅಯ್ಯೋ ನನ್ನ ಲಾರಿಗೇ ಸೆರಗು ಹೊದಿಸ್ತೀಯಲ್ಲಪ್ಪಾ ಅಂತ ನಗುತ್ತಾ ಹೋದರು, ಮೂವತ್ತು ವರ್ಷ ಸ್ಟಿಯರಿಂಗ್ ಹಿಡಿದವರು, ಒಂದು ಸಲ ನೋಡಿದ್ದರೆ ಸಾಕಿತ್ತು, ಒಂದೇ ನೋಟ, ಬಟ್ಟೆ ಮುಚ್ಚಿದ್ದು ನಾನು, ಒಂದು ಎಳೆ ದಪ್ಪದ ಕನ್ನಡಿ ಹಿಡಿಗೋಸ್ಕರ. ಅದಾಗಿ ನಾಲ್ಕನೇ ದಿನ ಗುರುವಾರ.

ನನಗೆ ಗೊತ್ತಿರಲಿಲ್ಲ, ನಿನ್ನೆ ಮಧ್ಯಾಹ್ನದವರೆಗೆ ನಿಜವಾಗಿಯೂ ಗೊತ್ತಿರಲಿಲ್ಲ, ಡಿಪೋದ ಟಯರಿನ ಮುದುಕ ಭಾವನನ್ನು ನೋಡಲು ಬಂದಿದ್ದ, ಎಲ್ಲರೂ ಅವನನ್ನು ಪಂಕ್ಚರಣ್ಣ ಅನ್ನುತ್ತಾರೆ, ಕಿತ್ತಳೆ ಹಣ್ಣಿನ ಚೀಲ ಮಂಡಿಯ ಮೇಲಿಟ್ಟುಕೊಂಡು ಅದನ್ನು ಕೊಡುವುದನ್ನೇ ಮರೆತು ಮಾತಾಡಿದ, ನಟ್ಟು ಸುಮ್ಸುಮ್ನೆ ಬಿಚ್ಕೊಳ್ಳಲ್ಲ ಸ್ವಾಮಿ, ಮೊದ್ಲೇ ಹೇಳುತ್ತೆ, ಸಡಿಲ ಆದ್ರೆ ಉಜ್ಜುತ್ತೆ, ಉಜ್ಜಿದ್ರೆ ತುಕ್ಕಿನ ಪುಡಿ ಬರುತ್ತೆ, ಚಕ್ರ ತಿರುಗಿದ್ರೆ ಅದನ್ನ ಹೊರಕ್ಕೆ ಎಸೆಯುತ್ತೆ, ಗೆರೆ ಗೆರೆ, ಹತ್ತು ಹದಿನೈದು ದಿನ ಮುಂಚೇನೇ ಕಾಣುತ್ತೆ, ಕಣ್ಣಿದ್ದೋನಿಗೆ ಕಾಣುತ್ತೆ, ಹಾಗೇನೂ ಇರ್ಲಿಲ್ಲ ತಾನೇ ನಿಮ್ದರಲ್ಲಿ? ಭಾವ ಗೋಡೆ ನೋಡಿದರು. ಇರ್ಲಿಲ್ಲ ಅಂದರು, ದಿನಾ ನೋಡ್ತಿದ್ನಲ್ಲ. ಅಕ್ಕ ಕೂಡಲೇ, ದಿನಾ ನೋಡ್ತಿದ್ರು, ನಾನೇ ಸಾಕ್ಷಿ, ಅಂದಳು, ಡಿಪೋಗೆ ಕಾಲಿಡದವಳು. ನನ್ನ ಕೈಯಲ್ಲಿ ಕಾಫಿ ತಟ್ಟೆಯಿತ್ತು, ಮೂರು ಲೋಟ ಒಂದೊಂದಾಗಿ ಕೆಳಗಿಟ್ಟೆ, ಗೆರೆ ಗೆರೆ, ಹೊರಕ್ಕೆ, ಅಂದರೆ ಇದಾ ಅದು, ಇಷ್ಟೇನಾ, ಮುದುಕ ಹೋದ ಮೇಲೆ ಅಕ್ಕನಿಗೆ ಹೊಳೆಯಿತು, ಲೋ, ನಿನ್ನ ಆ ಲಾರಿ ಇದೆಯಲ್ಲ. ಇವತ್ತು ಬೆಳಗ್ಗೆ ಎದ್ದವನೇ ಫೋನಿನಲ್ಲಿದ್ದ ನಲವತ್ತಾರನ್ನೂ ಅಳಿಸಿದೆ, ಅದು ಸುಲಭ, ಬೆರಳು ಒತ್ತಿದರೆ ಆಯಿತು, ಇದನ್ನು ಕೈಯಾರೆ ಮಾಡಿದ್ದು, ಇದನ್ನು ಕೈಯಾರೆಯೇ — ಊರುಗೋಲಿನ ಸದ್ದು, ಟಕ್, ನಿಂತಿತು, ಟಕ್, ಭಾವ ಈ ಕೋಣೆಗೆ ಬರುವುದಿಲ್ಲ, ಐದು ವಾರದಲ್ಲಿ ಒಮ್ಮೆಯೂ ಬಂದಿಲ್ಲ, ಇಸ್ತ್ರಿ ಮಾಡಿದ ಅಂಗಿ ಹಾಕಿದ್ದಾರೆ, ಪ್ಯಾಂಟಿನ ಒಂದು ಕಾಲು ಮಡಚಿ ಪಿನ್ನು ಹಾಕಿದೆ, ಅಕ್ಕ ಹಾಕಿದ್ದು, ನೇರವಾಗಿಲ್ಲ, ಇಂಥದ್ದು ನನ್ನ ಕಣ್ಣಿಗೆ ತಪ್ಪದೆ ಬೀಳುತ್ತದೆ. ಬಟ್ಟೆ ಮುಚ್ಚಬೇಕು ಅಂತ ಕೈ ಹೋಯಿತು, ಹೋದ ಕೈ ಅಲ್ಲೇ ನಿಂತಿತು. ಅವರು ಮೇಜಿಗೆ ಒರಗಿ ಲಾರಿಯನ್ನು ಎತ್ತಿಕೊಂಡರು, ಅಂಗೈ ಮೇಲೆ, ಹಕ್ಕಿಮರಿ ಎತ್ತಿದ ಹಾಗೆ, ಬಂಪರಿನ ತಗ್ಗು ನೋಡಿದರು, ಬಾಯಿ ಒಂದು ಕಡೆ ಸೊಟ್ಟಗಾಯಿತು, ನಗುವೇನೋ, ಆಮೇಲೆ ಹಿಂದಕ್ಕೆ ತಿರುಗಿಸಿದರು, ಎಡಗಡೆ, ಯಾರೂ ಹೇಳದೆಯೇ ಎಡಗಡೆ, ನನ್ನ ಭೂತಗನ್ನಡಿಗೆ ಕೈ ಚಾಚಿದರು, ನಾನೇ ಕೊಟ್ಟೆ. ಅಡುಗೆಮನೆಯಲ್ಲಿ ನಲ್ಲಿಯ ಸದ್ದು ನಿಂತಿತು, ಮತ್ತೆ ಶುರುವಾಯಿತು.

ಯಾವಾಗ ತೆಗೆದ ಫೋಟೋ ನೋಡಿ ಮಾಡಿದ್ದು, ಇದು?

ಆ ಗುರುವಾರಕ್ಕೆ ಹನ್ನೊಂದು ದಿನ ಮುಂಚೆ ಭಾವ. ನೀವೂ ಅಲ್ಲೇ ಇದ್ರಿ.

ಇಷ್ಟು ನೋಡಿದೋನು ಒಂದು ಮಾತು ಹೇಳ್ಬಾರದಿತ್ತೇನಪ್ಪಾ.

ಅಷ್ಟೇ ಅಂದದ್ದು, ಬೈಯಲಿಲ್ಲ, ಬೈದಿದ್ದರೆ ನಾನೂ ಅನ್ನುತ್ತಿದ್ದೆ, ನಿಮ್ಮ ಲಾರಿ, ನಿಮ್ಮ ಕೆಲಸ, ದಿನಾ ಬೆಳಗ್ಗೆ ಬಗ್ಗಿ ನೋಡಬೇಕಾದವರು ನೀವು, ನಾನು ಬರೀ ಆಟಿಕೆ ಮಾಡುವವನು, ನಾಲಿಗೆಯ ತುದಿಯವರೆಗೆ ಬಂತು, ಕಹಿ, ಅಲ್ಲೇ ಕೂತಿದೆ ಇನ್ನೂ, ಭಾವನ ಮುಖದಲ್ಲೂ ಅದೇ ಕಹಿ ಕಂಡಿತು, ನಾವಿಬ್ಬರೂ ಒಬ್ಬರ ತಪ್ಪನ್ನು ಒಬ್ಬರು ಕೈಯಲ್ಲಿ ಹಿಡಿದು ನಿಂತಿದ್ದೆವು, ಯಾರದು ದೊಡ್ಡದು ಅಂತ ತೂಗುತ್ತಾ, ನೋಡದವನದೋ, ನೋಡಿ ಸುಮ್ಮನಿದ್ದವನದೋ, ಲಾರಿಯನ್ನು ಮೆಲ್ಲಗೆ ಮೇಜಿನ ಮೇಲಿಟ್ಟರು, ಇಡುವಾಗಲೂ ಕೈಯಿಂದ ಚಕ್ರ ತಿರುಗಿಸಿ ನೋಡಿದರು, ಸಲೀಸಾಗಿ ತಿರುಗಿತು, ಚೆನ್ನಾಗಿ ಮಾಡಿದ್ದೀಯ ಅಂದರು, ಬಾಗಿಲ ಹತ್ತಿರ ಹೋಗಿ ಬೆನ್ನು ತಿರುಗಿಸಿಕೊಂಡೇ, ಅಕ್ಕನಿಗೆ ಇದೆಲ್ಲ ಗೊತ್ತಾಗೋದು ಬೇಡ, ಅಂದರು. ಮುಚ್ಚು ಅಂತ ಹೇಳಲಿಲ್ಲ, ಬಿಡು ಅಂತಲೂ ಹೇಳಲಿಲ್ಲ, ಅದನ್ನು ನನ್ನ ತಲೆಗೆ ಕಟ್ಟಿ ಹೋದರು, ಟಕ್, ಟಕ್.

ಹತ್ತೂ ಹತ್ತು. ಕುಂಚ ಅದೇ, ಮೂರು ಕೂದಲಿನದು, ಬೆಳ್ಳಿಗೆ ಒಂದು ಹನಿ ಬೂದು ಬೆರೆಸಬೇಕು, ಇಲ್ಲದಿದ್ದರೆ ಹೊಸದಾಗಿ ಹೊಳೆದು ಅಲ್ಲೇ ಕಣ್ಣು ಹೋಗುತ್ತದೆ, ಕಳ್ಳತನವನ್ನೂ ಅಳತೆ ಹಿಡಿದೇ ಮಾಡುತ್ತೇನೆ ನಾನು, ಒಂದನೇ ಗೆರೆ, ಒಂದೇ ಎಳೆತ, ಹೋಯಿತು, ಇಷ್ಟು ಸುಲಭವೇ, ಅಕ್ಕ ಒಳಗಿಂದ ಕೂಗುತ್ತಾಳೆ, ಆಯ್ತೇನೋ, ಪೆಟ್ಟಿಗೆ ರೆಡಿ, ಆಯ್ತು ಅಕ್ಕ, ಎರಡನೆಯದು, ಇದರ ತುದಿ ಸ್ವಲ್ಪ ಕವಲೊಡೆದಿತ್ತು, ಫೋಟೋದಲ್ಲಿ ಹಾಗಿತ್ತು, ಆ ಕವಲಿಗೋಸ್ಕರ ಒಂದು ಸಂಜೆ ಕೂತಿದ್ದೆ, ಹೋಯಿತು, ಸಾಹೇಬರು ಕೈಯಲ್ಲಿ ಹಿಡಿದು ನೋಡುತ್ತಾರೆ, ಅಕ್ಕ ಬೆರಳಿಟ್ಟು ತೋರಿಸುತ್ತಾಳೆ, ನೋಡಿ ಸಾರ್, ನಮ್ಮ ತಮ್ಮ ಮಾಡಿದ್ದು, ಲಾರಿ ಹೇಗಿತ್ತೋ ಹಾಗೇ ಮಾಡಿದ್ದಾನೆ, ಒಂದು ಕಲೆ ಬಿಟ್ಟಿಲ್ಲ, ಬಂಪರಿನ ತಗ್ಗು ನೋಡಿ, ಟಾರ್ಪಾಲಿನ ತೇಪೆ ನೋಡಿ, ಚಕ್ರ ನೋಡಿ, ಏನಾದ್ರೂ ಇದೆಯಾ, ಏನೂ ಇಲ್ಲ, ಮೂರನೆಯದು, ಅವಳ ಬೆರಳು ಈ ಬಣ್ಣದ ಮೇಲೆ, ಪ್ರಾಮಾಣಿಕವಾಗಿ, ತಮ್ಮ ಸುಳ್ಳು ಮಾಡುವವನಲ್ಲ ಅನ್ನುವ ಒಂದೇ ಧೈರ್ಯದಲ್ಲಿ, ಆಮೇಲೆ ಭಾವ ಗೇಟಿನಲ್ಲಿ ಕೂರುತ್ತಾರೆ, ಒಳಗೆ ಹೋಗುವ ಹೊರಗೆ ಬರುವ ಲಾರಿಗಳ ನಂಬರು ಬರೆಯುತ್ತಾರೆ, ಅವುಗಳ ಚಕ್ರ ನೋಡುತ್ತಾರೋ ಇಲ್ಲವೋ, ನಾಲ್ಕನೆಯದು, ಸಂಜೆ ಊಟಕ್ಕೆ ಮೂವರೂ ಕೂರುತ್ತೇವೆ, ಇನ್ನು ಎಷ್ಟು ವರ್ಷವಿದ್ದರೆ ಅಷ್ಟು ವರ್ಷ, ನಾನು ಅವರ ತಟ್ಟೆ ನೋಡುತ್ತೇನೆ, ಅವರು ನನ್ನ ತಟ್ಟೆ ನೋಡುತ್ತಾರೆ, ನಡುವೆ ಅಕ್ಕ ಬಡಿಸುತ್ತಾಳೆ, ಹೊರಗೆ ಕಾರಿನ ಹಾರ್ನ್, ಬೇಗ ಬಂದುಬಿಟ್ಟಿದೆ, ಲೋ ಬಂತು ಕಣೋ, ಚಪ್ಪಲಿಯ ಸದ್ದು ಈ ಕಡೆಗೇ, ಒಂದು ಉಳಿದಿದೆ, ಒಂದೇ, ಎಲ್ಲಕ್ಕಿಂತ ಸಣ್ಣದು, ಉಸಿರು ಹಿಡಿದೆ, ಕೈ ನಡುಗುತ್ತಿಲ್ಲ, ನನ್ನ ಕೈ ಯಾವತ್ತೂ ನಡುಗುವುದಿಲ್ಲ, ಆದರೆ ಕುಂಚ ಇಳಿಯುತ್ತಿಲ್ಲ, ಬೆಳ್ಳಿಯ ಹನಿ ತುದಿಯಲ್ಲಿ ತೂಗುತ್ತಿದೆ, ಬೀಳುತ್ತಿಲ್ಲ, ಎಡಗಡೆಯ ಹಿಂದಿನ ಚಕ್ರ, ಐದನೇ ನಟ್ಟು, ಅದರ ಅಂಚಿನಿಂದ, ಕೆಳಕ್ಕಲ್ಲ, ಹೊರಕ್ಕೆ, ಒಂದು ಕಂದು ಗೆರೆ