ಓದಿ ಹೇಳದ ಕಾಗದ

ಚಳ್ಳಕೆರೆಯಿಂದ ‘ಯಾಕೆ’ ಅನ್ನುವ ತತ್ವಚಿಂತನೆಯ ಮಾಸಪತ್ರಿಕೆ ಹೊರಡುತ್ತದೆ ಅಂದರೆ ನೆಂಟರೆಲ್ಲ ನಗುತ್ತಿದ್ದರು. ನಗಲಿ ಬಿಡಿ, ಗೀತಮ್ಮನಿಗೆ ಅದರ ಕೊನೆಯ ಪುಟವೆಂದರೆ ಪ್ರಾಣ. ತಿಂಗಳಿಗೊಮ್ಮೆ ಬಸ್ಸು ಹತ್ತಿ ಯಾವುದಾದರೂ ಹಳ್ಳಿಗೆ ಹೋಗಿ, ಕಟ್ಟೆ ಮೇಲೆ ಕೂತು, ಜನ ಕೇಳುವ ಪ್ರಶ್ನೆಯನ್ನು ಅವರ ಬಾಯಿಂದ ಬಂದ ಹಾಗೇ ಬರೆದುಕೊಳ್ಳುತ್ತಿದ್ದಳು. ಬರೆದದ್ದನ್ನು ಅವರಿಗೇ ಓದಿ ಹೇಳಿ, ‘ಸರಿ ಐತಾ?’ ಅಂತ ಕೇಳಿ, ಅವರು ಹೂಂ ಅಂದ ಮೇಲಷ್ಟೇ ಅದು ಅಚ್ಚಿಗೆ ಹೋಗುತ್ತಿತ್ತು. ಹನ್ನೊಂದು ವರ್ಷದಲ್ಲಿ ಒಂದಕ್ಷರ ತಿದ್ದಿದವಳಲ್ಲ.

ಈ ಪತ್ರಿಕೆಯ ಬಾಲ ಹಿಡಿದುಕೊಂಡು ಬಂದದ್ದು ಚಳ್ಳಕೆರೆ, ಮೊಳಕಾಲ್ಮೂರು ಎರಡೂ ತಾಲ್ಲೂಕಿನ ಪತ್ರ ಬರಹಗಾರರ ಸಂಘ. ನೋಂದಣಿ ಕಚೇರಿಯ ಮುಂದೆ ಕೂತು ಕ್ರಯಪತ್ರ, ವಿಭಾಗಪತ್ರ ಬರೆಯುವವರಿಗೆ ತತ್ವಜ್ಞಾನ ಯಾಕೆ ಬೇಕಾಯಿತೋ! ಜನರ ಬಾಯಲ್ಲಿ ಹೆಸರು ಕೆಟ್ಟಿತ್ತು, ತೊಳೆದುಕೊಳ್ಳಲು ಒಂದು ಮರ್ಯಾದಸ್ತ ಜಾಗ ಬೇಕಿತ್ತು, ಅಷ್ಟೇ. ಅಧ್ಯಕ್ಷ ಕೊಟ್ಟೂರಪ್ಪ ಬಣ್ಣದ ಮುಖಪುಟ ಹಾಕಿಸಿಕೊಡುತ್ತೇನೆ ಅಂದದ್ದೇ ತಡ, ನಿವೃತ್ತ ಅಧ್ಯಾಪಕ, ಪತ್ರಿಕೆಯ ಸಂಪಾದಕ ತೋಟಪ್ಪ ಕರಗಿ ನೀರಾದರು. ಒಂಬತ್ತು ಹಾಳೆಯ ಒಡಂಬಡಿಕೆ ತಯಾರಾಯಿತು. ಕೊನೆಯ ಪುಟ ಬರೆಯುವವಳ ಸಹಿಯೂ ಅದಕ್ಕೆ ಬೇಕಿತ್ತು. ಪರಶುರಾಂಪುರದ ಬಸ್ಸಿಗೆ ಓಡುತ್ತಿದ್ದ ಗೀತಮ್ಮನನ್ನು ತೋಟಪ್ಪ ತಡೆದು, ಪೆನ್ಸಿಲ್ ಗುರುತು ಹಾಕಿದ್ದೀನಿ, ಅಲ್ಲಲ್ಲಿ ಸಹಿ ಮಾಡು ಸಾಕು ಅಂದರು. ಅವಳು ನಿಂತಲ್ಲೇ ಮಾಡಿ ಕೊಟ್ಟು ಬಸ್ಸು ಹಿಡಿದಳು.

ಮರುತಿಂಗಳು ನನ್ನಿವಾಳದಲ್ಲಿ ಕುರಿ ಸಾಕುವ ಬೋರಕ್ಕ ಸಿಕ್ಕಳು. ಖಾತೆ ಮಾಡಿಸುವ ಕಾಗದ ಅಂತ ನಂಬಿಸಿ ಮೈದುನ ಅವಳ ಹೆಬ್ಬೆಟ್ಟು ಒತ್ತಿಸಿಕೊಂಡಿದ್ದ. ಆಮೇಲೆ ನೋಡಿದರೆ ಕುರಿ ಕೂಡುವ ರೊಪ್ಪದ ಜಾಗವೇ ಅವನ ಪಾಲಾಗಿತ್ತು. ಬರೆದಾತ ಸಂಘದವನೇ, ಒಂದು ಸಾಲನ್ನೂ ಓದಿ ಹೇಳಿರಲಿಲ್ಲ. ಅವಳು ಅಳಲಿಲ್ಲ, ಒಂದು ಪ್ರಶ್ನೆ ಕೇಳಿದಳು. ಗೀತಮ್ಮ ಅದನ್ನು ಬರೆದುಕೊಂಡು, ಓದಿ ಹೇಳಿ, ಒಪ್ಪಿಗೆ ಪಡೆದು ಬಂದಳು.

ಆ ಸಂಚಿಕೆಯ ಬಿಡುಗಡೆ ಮೊಳಕಾಲ್ಮೂರಿನ ಕಲ್ಯಾಣಮಂಟಪವೊಂದರಲ್ಲಿ. ಕೇಸರಿಬಾತಿನ ತುಪ್ಪದ ವಾಸನೆ, ರೇಷ್ಮೆ ಶಾಲು, ಹಲ್ಲು ಗಿಂಜುವ ಫೋಟೊಗಳು. ಸಂಘದವರೇ ಕಾರು ಕಳಿಸಿ ಕರೆಸಿದ್ದ ಬೋರಕ್ಕ ಹೆಗಲ ಮೇಲಿನ ಶಾಲನ್ನು ಏನು ಮಾಡಬೇಕೋ ತಿಳಿಯದೆ ಮುಂದಿನ ಸಾಲಿನಲ್ಲಿ ಕೂತಿದ್ದಳು. ಗೀತಮ್ಮ ಅವಳ ಪಕ್ಕ ಕೂತು ಹೊಸ ಸಂಚಿಕೆಯ ಕೊನೆಯ ಪುಟ ತೆಗೆದಳು. ಬೋರಕ್ಕನ ಫೋಟೊ, ಕೆಳಗೆ ಅವಳದೇ ಹೆಸರು, ಮೇಲೆ ಹೀಗೊಂದು ಸಾಲು: ‘ಅಕ್ಷರ ಬಲ್ಲವರನ್ನು ನಂಬಿ ನಡೆಯುವುದೇ ನಿಜವಾದ ವಿವೇಕವಲ್ಲವೇ?’

ಗೀತಮ್ಮ ಕೇಸರಿಬಾತಿನ ತಟ್ಟೆಯನ್ನು ಕುರ್ಚಿಯ ಕೆಳಗೆ ತಳ್ಳಿದಳು. ಎಂಥ ಹೇಸಿಗೆ ಜನ ಇವರು! ರೊಪ್ಪ ಕಿತ್ತುಕೊಂಡದ್ದು ಸಾಲದೆ ಅವಳ ಬಾಯನ್ನೂ ಕಿತ್ತುಕೊಂಡಿದ್ದಾರೆ. ಆದರೂ ಪದ್ಧತಿ ಪದ್ಧತಿಯೇ. ಅಚ್ಚಾದದ್ದನ್ನು ಬೋರಕ್ಕನಿಗೆ ಓದಿ ಹೇಳಿದಳು.

“ಇದು ನಂದಲ್ಲ,” ಅಂದಳು ಬೋರಕ್ಕ.

ಗೀತಮ್ಮ ಎದ್ದು ನಿಂತು ತೋಟಪ್ಪನವರನ್ನು ಕೇಳಿದಳು. ಅವರು ಕನ್ನಡಕ ಒರೆಸುತ್ತ, ಸಂಘದವರು ಸ್ವಲ್ಪ ತಾತ್ವಿಕವಾಗಿ ತಿದ್ದಿದ್ದಾರೆ ಅಷ್ಟೇ, ಭಾವ ದೊಡ್ಡದಾಗಿದೆ ಅಂದರು. ಹನ್ನೊಂದು ವರ್ಷ ಗುರುಗಳೇ ಅಂದಿದ್ದ ಬಾಯಿ ಕಹಿಯಾಯಿತು. ಅಷ್ಟರಲ್ಲಿ ಕೊಟ್ಟೂರಪ್ಪ ನಗುನಗುತ್ತಲೇ ಫೈಲು ಬಿಚ್ಚಿ ಏಳನೆಯ ಹಾಳೆ ತೋರಿಸಿದ. ಪ್ರಕಟವಾಗುವ ಯಾವುದೇ ಬರಹವನ್ನು ತಿದ್ದುವ ಹಕ್ಕು ಸಂಘಕ್ಕಿರುತ್ತದೆ.

“ಸಹಿ ನಿಮ್ದೇ ಅಲ್ವೇನ್ರಿ ಮೇಡಂ?”

ಅವಳದೇ. ಪೆನ್ಸಿಲ್ ಗುರುತಿನ ಮೇಲೆ, ಅವಸರದಲ್ಲಿ ಓರೆಯಾಗಿದ್ದ ಸಹಿ.

ಬೋರಕ್ಕ ಆ ಹಾಳೆಯನ್ನೂ ಗೀತಮ್ಮನ ಮುಖವನ್ನೂ ನೋಡಿದಳು. “ನಿನಿಗೂ ಓದಿ ಹೇಳ್ಲಿಲ್ವೇನವ್ವ?”

ಗೀತಮ್ಮನಿಗೆ ಇಷ್ಟು ಹೊತ್ತು ಅವರ ಮೇಲಿದ್ದ ಅಸಹ್ಯ ಈಗ ತನ್ನ ಮೇಲೇ ತಿರುಗಿತು. ಎಂ.ಎ. ಮಾಡಿದವಳು, ಊರವರಿಗೆಲ್ಲ ಓದಿ ಹೇಳುತ್ತ ತಿರುಗಿದವಳು, ತನ್ನ ಕಾಗದ ಬಂದಾಗ ಕಣ್ಣು ಹಾಯಿಸಲಿಲ್ಲವಲ್ಲ! ಆ ಒಂದು ಸಹಿಯಿಂದ ಈ ಹೆಂಗಸಿನ ಮಾತು ಎರಡನೇ ಸಲ ಕಳುವಾಯಿತು.

ನಿರೂಪಕ ಗೀತಮ್ಮನ ಹೆಸರು ಕೂಗಿದ. ಕೊನೆಯ ಪುಟವನ್ನು ಅವಳೇ ಓದುವುದು ರೂಢಿ. ಅಚ್ಚಾದ ಈ ಸಾಲನ್ನು ಓದದಿದ್ದರೆ ಪತ್ರಿಕೆಯಲ್ಲಿ ತನಗೆ ಜಾಗವಿರುವುದಿಲ್ಲ ಅಂತ ತೋಟಪ್ಪನವರ ಮುಖ ನೋಡಿದರೇ ತಿಳಿಯುತ್ತಿತ್ತು. ಸಂಚಿಕೆಯನ್ನು ಕುರ್ಚಿಯ ಮೇಲೆ ಬಿಟ್ಟು, ಚೀಲದಿಂದ ನೋಟ್‌ಬುಕ್ ತೆಗೆದುಕೊಂಡು ಹೋಗಿ ಮೈಕಿನ ಮುಂದೆ ನಿಂತಳು.

“ಓದಿ ಹೇಳ್ದೆ ನನ್ ಹೆಬ್ಬೆಟ್ಟು ಒತ್ತಿಸ್ಕಂಡ್ರೆ, ಅದು ನಾನ್ ಕೊಟ್ಟ ಮಾತು ಹೆಂಗಾಗ್ತೈತೆ?” ನೋಟ್‌ಬುಕ್ ಮುಚ್ಚಿದಳು. “ಕೇಳಿದವರು ನನ್ನಿವಾಳದ ಬೋರಕ್ಕ. ಜೊತೆಗೆ ಕೇಳುತ್ತಿರುವವಳು ಚಳ್ಳಕೆರೆಯ ಗೀತಮ್ಮ.”

ಕೊಟ್ಟೂರಪ್ಪ ಮೈಕಿನ ವೈರು ಕೀಳುವಂತೆ ಸನ್ನೆ ಮಾಡುತ್ತಿದ್ದ. ಗೀತಮ್ಮ ಅತ್ತ ನೋಡದೆ ಮುಂದಿನ ಸಾಲಿನ ಕಡೆ ತಿರುಗಿ, ಯಾವಾಗಿನಂತೆ ಕೇಳಿದಳು.

“ಸರಿ ಐತಾ, ಬೋರಕ್ಕ?”

ಶಾಲನ್ನು ತೆಗೆದು ಕುರ್ಚಿಗೆ ಹಾಕಿ ಬೋರಕ್ಕ ಎದ್ದು ನಿಂತಳು. ಹೂಂ ಅಂದಳು.